ತಟ್ಟೆ ಬದಲಾಯಿತು, ಹೊಟ್ಟೆ ಬೆಳೆಯಿತು

ಜೂನ್ ತಿಂಗಳ ಮೊದಲ ವಾರ ಯಾವುದೇ ಊರಿನ ದರ್ಜಿಯ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಸಮವಸ್ತ್ರದ ಬಟ್ಟೆ ಹಿಡಿದು ತಾಯಿ ಬಂದಿರುತ್ತಾಳೆ, ಪಕ್ಕದಲ್ಲಿ ಏಳನೆಯ ತರಗತಿಯ ಮಗ. ದರ್ಜಿ ಟೇಪನ್ನು ಹುಡುಗನ ಸೊಂಟಕ್ಕೆ ಸುತ್ತಿ, ಚೀಟಿಯ ಮೇಲೆ ಅಂಕಿ ಬರೆದುಕೊಂಡು, "ಹೋದ ವರ್ಷಕ್ಕಿಂತ ಮೂರು ಇಂಚು ಜಾಸ್ತಿ ಆಗಿದೆಯಲ್ಲಕ್ಕಾ, ಎಲಾಸ್ಟಿಕ್ ಹಾಕಿಬಿಡ್ಲಾ?" ಎಂದು ಕೇಳುತ್ತಾನೆ. ತಾಯಿಗೆ ಅದರಿಂದ ಬೇಸರವಾಗುವುದಿಲ್ಲ. "ಈಗೀಗ ಮೈಕೈ ತುಂಬ್ಕೋತಾ ಇದಾನೆ" ಎಂದು ಸಮಾಧಾನದಿಂದಲೇ ಹೇಳುತ್ತಾಳೆ. ಹುಡುಗನ ಕೈ ನೋಡಿದರೆ ಕಡ್ಡಿಯ ಹಾಗಿದೆ, ಕಾಲೂ ಅಷ್ಟೇ. ತುಂಬಿಕೊಂಡಿರುವುದು ಮೈಯಲ್ಲ, ಕೈಯಲ್ಲ, ನಡುವಿನ ಆ ಒಂದು ಜಾಗ ಮಾತ್ರ.

ಹೊಟ್ಟೆ ಬಂದರೆ ಅನುಕೂಲ ಬಂತು ಎಂದು ತಿಳಿಯುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಬರಗಾಲಗಳನ್ನು ಕಂಡ ನಾಡು. ಎರಡು ಹೊತ್ತು ಉಂಡವನೇ ಸಾಹುಕಾರ ಎನಿಸಿಕೊಂಡಿದ್ದ ಕಾಲ ತೀರಾ ದೂರದ್ದೇನಲ್ಲ. ಮಗು ದುಂಡಗಿದ್ದರೆ ಅಜ್ಜಿ ದೃಷ್ಟಿ ತೆಗೆಯುತ್ತಾಳೆ, ಮದುವೆಯಾದ ಗಂಡಿಗೆ ಸಣ್ಣ ಹೊಟ್ಟೆ ಬಂದರೆ ಹೆಂಡತಿಯ ಕೈಗುಣವನ್ನು ಹೊಗಳುತ್ತಾರೆ. ಹಸಿವಿನ ನೆನಪಿರುವ ಸಮಾಜದಲ್ಲಿ ಇದು ಸಹಜ, ನಗಬೇಕಾದ್ದೇನಿಲ್ಲ. ಆದರೆ ದೇಹದ ಬೇರೆಡೆ ಸೇರುವ ಕೊಬ್ಬಿಗೂ ಹೊಟ್ಟೆಯೊಳಗೆ ಸೇರುವ ಕೊಬ್ಬಿಗೂ ಅಜಗಜಾಂತರವಿದೆ ಎಂಬುದು ಆ ಅಭ್ಯಾಸ ಬೆಳೆಯುವಾಗ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಸ್ಪಷ್ಟವಾಗಿ ಹೇಳಿದ ಮೊದಲಿಗರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಜ್ಯಾಂ ವಾಗ್ ಒಬ್ಬರು. ಒಬ್ಬ ಮನುಷ್ಯ ಎಷ್ಟು ದಪ್ಪಗಿದ್ದಾನೆ ಎಂಬುದಕ್ಕಿಂತ ಎಲ್ಲಿ ದಪ್ಪಗಿದ್ದಾನೆ ಎಂಬುದು ಮುಖ್ಯ ಎಂದು ಅವರು 1947ರಲ್ಲಿ ಬರೆದರು. ತೊಡೆ, ನಿತಂಬಗಳಲ್ಲಿ ಕೊಬ್ಬು ಸೇರಿದವರಿಗಿಂತ ಹೊಟ್ಟೆ, ಎದೆಯ ಭಾಗದಲ್ಲಿ ಸೇರಿದವರಿಗೆ ಸಿಹಿಮೂತ್ರ ರೋಗ ಹಾಗೂ ರಕ್ತನಾಳದ ಕಾಯಿಲೆಗಳು ಹೆಚ್ಚು ಎಂಬುದು ಅವರ ಗಮನಕ್ಕೆ ಬಂದಿತ್ತು. ಕಾರಣ ಬಿಡಿಸಿ ತಿಳಿಯಲು ಮತ್ತೆ ಹಲವು ದಶಕಗಳೇ ಬೇಕಾದವು.

ಚರ್ಮದ ಕೆಳಗಿನ ಕೊಬ್ಬನ್ನು ಊರಾಚೆಯ ಗೋದಾಮು ಎಂದುಕೊಳ್ಳಿ. ಹೆಚ್ಚಾದ ಅನ್ನ, ಸಕ್ಕರೆ, ಎಣ್ಣೆಯೆಲ್ಲ ಅಲ್ಲಿ ಹೋಗಿ ಕೂರುತ್ತದೆ, ಬೇಕಾದಾಗ ಹೊರಬರುತ್ತದೆ; ಯಾರಿಗೂ ದೊಡ್ಡ ತೊಂದರೆಯಿಲ್ಲ. ಆ ಗೋದಾಮು ತುಂಬಿದ ಮೇಲೆ ಬಂದ ಸರಕನ್ನು ಮಾತ್ರ ಮನೆಯ ನಡುಮನೆಯಲ್ಲೇ ಸುರಿಯಬೇಕಾಗುತ್ತದೆ. ಕರುಳಿನ ಸುತ್ತ, ಯಕೃತ್ತಿನೊಳಗೆ, ಮೇದೋಜೀರಕ ಗ್ರಂಥಿಯ ಆಸುಪಾಸಿನಲ್ಲಿ ಕೊಬ್ಬು ಸೇರುವುದು ಹೀಗೆ. ಕರುಳಿನ ಸುತ್ತಲಿನ ರಕ್ತ ನೇರವಾಗಿ ಯಕೃತ್ತಿಗೆ ಹರಿಯುತ್ತದೆ. ಜೊತೆಯಲ್ಲಿ ಕೊಬ್ಬಿನ ಆಮ್ಲಗಳನ್ನೂ ಹೊತ್ತೊಯ್ಯುತ್ತದೆ. ಯಕೃತ್ತು ಜಿಡ್ಡುಗಟ್ಟಿ ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಅದನ್ನಿಳಿಸಲು ಇನ್ನಷ್ಟು ಇನ್ಸುಲಿನ್ ಬೇಕಾಗುತ್ತದೆ, ಒಂದು ದಿನ ಗ್ರಂಥಿಯೂ ಸೋಲುತ್ತದೆ. ಇಷ್ಟೆಲ್ಲ ಆಗುವವರೆಗೆ ನೋವಿಲ್ಲ, ಜ್ವರವಿಲ್ಲ. ಹೊರಗೆ ಕಾಣುವ ಗುರುತೆಂದರೆ ಬೆಲ್ಟಿನ ತೂತು ಒಂದೊಂದಾಗಿ ಹೊರಕ್ಕೆ ಸರಿಯುವುದು.

ಭಾರತೀಯರಿಗೆ ಈ ಗೋದಾಮು ಹುಟ್ಟಿನಿಂದಲೇ ಚಿಕ್ಕದು. ಇದನ್ನು ತೋರಿಸಿದ ಒಂದು ಚಿತ್ರ ವೈದ್ಯಲೋಕದಲ್ಲಿ ಬಹಳ ಪ್ರಸಿದ್ಧ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಹಾಗೂ ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಆ ಚಿತ್ರ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಇಬ್ಬರಿಗೂ ಒಂದೇ, 22.3. ಯಾವ ಪಟ್ಟಿಯ ಪ್ರಕಾರವೂ ಇಬ್ಬರೂ ತೆಳ್ಳಗಿನವರೇ. ಆದರೆ ಮೈಯ ಕೊಬ್ಬನ್ನು ಅಳೆದು ನೋಡಿದರೆ ಯುಡ್ಕಿನ್ನರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2! ತೂಕದ ಯಂತ್ರ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಯೇ ಅರ್ಧವಾಗಿತ್ತು.

ಅದಕ್ಕೆ ಒಂದು ವರ್ಷ ಮೊದಲು ಯಾಜ್ಞಿಕರ ತಂಡ ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಂದಿಗೆ ಹೋಲಿಸಿ ವರದಿ ಪ್ರಕಟಿಸಿತ್ತು. ಅಲ್ಲಿನ ಶಿಶುವಿನ ಸರಾಸರಿ ತೂಕ 3.5 ಕಿಲೋ, ಇಲ್ಲಿಯದು 2.7. ಸ್ನಾಯು ಕಡಿಮೆ, ಒಳ ಅಂಗಗಳ ಗಾತ್ರ ಕಡಿಮೆ, ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಕರ್ನಾಟಕದಲ್ಲೂ ಇಂಥದೇ ಒಂದು ಕೆಲಸ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ (ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ) 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಅಳೆದು, ಅವರು ದೊಡ್ಡವರಾದಂತೆಲ್ಲ ಮತ್ತೆ ಮತ್ತೆ ಕರೆಸಿ ಅಳೆಯುತ್ತ ಬಂದ ಅಧ್ಯಯನ ಅದು. ತೂಕದಲ್ಲಿ, ತೋಳಿನ ಸುತ್ತಳತೆಯಲ್ಲಿ ಬಿಳಿಯರ ಮಕ್ಕಳಿಗಿಂತ ಹಿಂದಿದ್ದ ಈ ಕೂಸುಗಳು ಬೆನ್ನಿನ ಮೇಲಿನ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ.

ಇದರಿಂದಲೇ ದಪ್ಪದ ಗಡಿಯನ್ನು ಇಲ್ಲಿ ಕೆಳಗಿಳಿಸಬೇಕಾಯಿತು. ಯುರೋಪಿನವರಿಗೆ 25ಕ್ಕೆ ಎಚ್ಚರಿಕೆಯ ಗಂಟೆ ಬಾರಿಸಿದರೆ ಏಷ್ಯಾದವರಿಗೆ 23ಕ್ಕೇ ಬಾರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದರು. ಸೊಂಟದ ಸುತ್ತಳತೆಯಲ್ಲಿ ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಂಬ ಗಡಿ ನಿಗದಿಯಾಯಿತು. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಪ್ರಕಾರ ಈ ಗಡಿ ದಾಟಿದ ವಯಸ್ಕರು ಶೇ 39.5. ತೂಕದ ಲೆಕ್ಕದಲ್ಲಿ ಬೊಜ್ಜು ಇದ್ದವರು ಶೇ 28.6 ಮಾತ್ರ. ನಡುವಿನ ಈ ಅಂತರದಲ್ಲಿ ಇರುವವರೇ 'ತೆಳ್ಳಗಿದ್ದೇನೆ, ಹೊಟ್ಟೆ ಮಾತ್ರ ಸ್ವಲ್ಪ' ಎನ್ನುವ ಜನ.

ಇಷ್ಟು ತಿಳಿದ ಮೇಲೆ ಸಾಮಾನ್ಯವಾಗಿ ಎಲ್ಲರೂ ಮಾಡುವುದು ಒಂದೇ ಕೆಲಸ: ಅಪರಾಧಿಯನ್ನು ಹುಡುಕುವುದು. ಉತ್ತರದವರು ದಕ್ಷಿಣದ ಅನ್ನದ ಕಡೆ ಕೈ ತೋರಿಸುತ್ತಾರೆ. ದಕ್ಷಿಣದವರು ಪಂಜಾಬಿನ ಬೆಣ್ಣೆ ಪರೋಟದ ಕಡೆ. ಕರಾವಳಿಯ ತೆಂಗಿನೆಣ್ಣೆಗೆ ಒಂದು ಕಾಲದಲ್ಲಿ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಹೊಟ್ಟೆಯ ಬೊಜ್ಜು ಅತಿ ಹೆಚ್ಚಿರುವ ರಾಜ್ಯಗಳನ್ನು ನೋಡಿ. ಅನ್ನ, ಮೀನು, ತೆಂಗಿನ ಕೇರಳ ಮೇಲಿನ ಸಾಲಿನಲ್ಲಿದೆ. ಗೋಧಿ, ಹಾಲು, ತುಪ್ಪದ ಪಂಜಾಬೂ ಅದೇ ಸಾಲಿನಲ್ಲಿದೆ. ಇಬ್ಬರ ಅಡುಗೆಮನೆಗಳಲ್ಲಿ ಉಪ್ಪು ಬಿಟ್ಟರೆ ಸಮಾನವಾದದ್ದು ಕಡಿಮೆ. ಕೆಳಗಿನ ಸಾಲಿನಲ್ಲಿ ಜಾರ್ಖಂಡ್, ಮಧ್ಯಪ್ರದೇಶಗಳಿವೆ. ಅಲ್ಲಿನವರ ಅಡುಗೆ ಶ್ರೇಷ್ಠವೆಂದಲ್ಲ, ಬಡತನ ಹೆಚ್ಚು, ಮೈಮುರಿಯುವ ದುಡಿಮೆ ಹೆಚ್ಚು. ಹಾಗಾದರೆ ಒಂದು ಸೀಮೆಯ ಊಟಕ್ಕೂ ಹೊಟ್ಟೆಗೂ ಸಂಬಂಧವೇ ಇಲ್ಲವೇ? ಇದೆ. ಆದರೆ ಅದು ತಟ್ಟೆಯ ನಡುವಿನ ಪದಾರ್ಥದಲ್ಲಿಲ್ಲ, ತಟ್ಟೆಯ ಅಂಚಿನಲ್ಲಿದೆ. ಕರ್ನಾಟಕದ ಊಟಗಳನ್ನೇ ಒಂದೊಂದಾಗಿ ನೋಡಿದರೆ ಇದು ತಿಳಿಯುತ್ತದೆ.

ಹಳೆ ಮೈಸೂರು ಸೀಮೆಯದು ರಾಗಿಯ ಊಟ. ರಾಗಿಯನ್ನು ಹೊಗಳುವುದು ಈಗ ಫ್ಯಾಷನ್. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲಂತೂ ರಾಗಿ ಬಿಸ್ಕತ್ತು, ರಾಗಿ ಲಡ್ಡು, ರಾಗಿ ಕೇಕ್ ಎಲ್ಲವೂ ಬಂದಿವೆ. ಒಂದು ಸತ್ಯವನ್ನು ಮಾತ್ರ ಯಾರೂ ಹೇಳುವುದಿಲ್ಲ. 100 ಗ್ರಾಂ ರಾಗಿಯಲ್ಲಿ 328 ಕ್ಯಾಲೊರಿ, 100 ಗ್ರಾಂ ಬಿಳಿ ಅಕ್ಕಿಯಲ್ಲಿ 345. ವ್ಯತ್ಯಾಸ ಇಷ್ಟೇ! ಸುಣ್ಣದಂಶದಲ್ಲಿ ರಾಗಿ ಅಕ್ಕಿಯನ್ನು ಎಲ್ಲೋ ಬಿಟ್ಟು ಮುಂದೆ ಹೋಗಿದೆ (344 ಮಿಲಿಗ್ರಾಂ ಎದುರು 10), ನಾರಿನಲ್ಲೂ ಮುಂದು. ಆದರೆ ಎರಡು ದೊಡ್ಡ ಮುದ್ದೆ ನುಂಗಿ ಟೀವಿ ಮುಂದೆ ಕೂತವನ ಹೊಟ್ಟೆಯನ್ನು ರಾಗಿಯೆಂಬ ಹೆಸರು ಕಾಪಾಡುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಎಷ್ಟು ಹೊಟ್ಟೆಗೆ ಹೋಯಿತೆಂಬ ಅಂದಾಜೂ ಸಿಕ್ಕುವುದಿಲ್ಲ.

ಹಾಗಾದರೆ ಮುದ್ದೆ ಉಂಡ ಹಿಂದಿನವರಿಗೆ ಹೊಟ್ಟೆ ಏಕೆ ಬರಲಿಲ್ಲ? ಹೊಲದ ಕೆಲಸ ಒಂದು ಉತ್ತರ. ಇನ್ನೊಂದು ಉತ್ತರ ಮುದ್ದೆಯ ಪಕ್ಕದಲ್ಲಿತ್ತು. ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರು ಸಾರಾಗುತ್ತಿತ್ತು, ಉಳಿದ ಕಾಳು ಸೊಪ್ಪೇ ಪಲ್ಯವಾಗುತ್ತಿತ್ತು; ಒಂದೇ ಪಾತ್ರೆಯಿಂದ ಎರಡು ಪದಾರ್ಥ. ಹುರುಳಿ, ಅವರೆ, ಅಲಸಂದೆ, ಹೆಸರು ಎಂದು ಕಾಳು ಬದಲಾಗುತ್ತಿತ್ತು. ಸೊಪ್ಪಂತೂ ಕೊಂಡು ತರುವ ವಸ್ತುವೇ ಆಗಿರಲಿಲ್ಲ. ಕಳೆ ಕೀಳಲು ಹೋದ ಹೆಂಗಸರು ಬರುವಾಗ ಮಡಿಲಲ್ಲಿ ಅಣ್ಣೆ, ಗಣಿಕೆ, ದಂಟು ಬೆರೆತ ಬೆರಕೆ ಸೊಪ್ಪು ತರುತ್ತಿದ್ದರು. ಈಗ ಬದುಗಳಿಗೆ ಕಳೆನಾಶಕ ಬಿದ್ದಿದೆ, ಬೆರಕೆ ಸೊಪ್ಪಿನ ಹೆಸರುಗಳನ್ನು ಗುರುತಿಸಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮುದ್ದೆ ಉಳಿದಿದೆ, ಹೋಟೆಲಿನಲ್ಲಿ 'ಮುದ್ದೆ ಊಟ' ಎಂಬ ಫಲಕವೂ ಬಂದಿದೆ. ಜೊತೆಗೆ ಬರುವುದು ಮಾತ್ರ ತೆಳುವಾದ ಸಾರು, ಒಂದು ಹಪ್ಪಳ, ಆಮೇಲೆ ಅನ್ನ.

ಬಯಲುಸೀಮೆಯ ಉತ್ತರ ಭಾಗದ ಜೋಳದ ರೊಟ್ಟಿಯ ಕಥೆಯೂ ಬೇರೆಯಲ್ಲ. ರೊಟ್ಟಿಯ ಜೊತೆ ಮಡಿಕೆಕಾಳಿನ ಪಲ್ಯ, ಪುಂಡಿ ಪಲ್ಯ, ಅಗಸಿ ಅಥವಾ ಗುರೆಳ್ಳಿನ ಚಟ್ನಿ, ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಕೊನೆಗೆ ಮಜ್ಜಿಗೆ. ರೊಟ್ಟಿಯನ್ನು ಅಗಿಯಲೇಬೇಕು, ಅವಸರಕ್ಕೆ ಅದು ಬಗ್ಗುವುದಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಜೋಳದ ಹೊಲಗಳು ಗದ್ದೆಗಳಾದವು. ಕೃಷ್ಣರಾಜಸಾಗರದ ನಾಲೆ ಮಂಡ್ಯದಲ್ಲಿ ಇದಕ್ಕೂ ಮೊದಲೇ ಇಂಥದೇ ಕೆಲಸ ಮಾಡಿತ್ತು. ಹಬ್ಬಕ್ಕೆ, ನೆಂಟರಿಗೆ ಮಾತ್ರ ಬೇಯುತ್ತಿದ್ದ ಅಕ್ಕಿ ದಿನದ ಅನ್ನವಾಯಿತು; ಮಿಲ್ಲುಗಳು ಬಂದ ಮೇಲೆ ಅದು ಮಲ್ಲಿಗೆಯಷ್ಟು ಬೆಳ್ಳಗೂ ಆಯಿತು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯೂ ರಾಗಿಯೂ ಯಾರು ಹೆಚ್ಚೆಂದು ಜಗಳವಾಡಿ ರಾಗಿ ಗೆಲ್ಲುತ್ತದೆ. ಅಡುಗೆಮನೆಯಲ್ಲಿ ಗೆದ್ದದ್ದು ಅಕ್ಕಿ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯನ್ನು ಈ ಕಾರಣಕ್ಕೆ ಹಳಿಯುವವರಿದ್ದಾರೆ. ಅದು ತಪ್ಪು. ಹಸಿದವನಿಗೆ ಮೊದಲು ಹೊಟ್ಟೆ ತುಂಬಬೇಕು; ಅಕ್ಕಿಯ ಜೊತೆ ಬೇಳೆಯೂ ತರಕಾರಿಯೂ ಅವನ ಕೈಗೆಟುಕಬೇಕು ಎಂದು ಕೇಳುವುದು ನ್ಯಾಯ.

ಇನ್ನು ಕರಾವಳಿ. ಅಲ್ಲಿ ಮೊದಲಿಂದಲೂ ಅನ್ನವೇ. ಆದರೆ ಅದು ಕುಚ್ಚಲಕ್ಕಿಯ ಅನ್ನ. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡುವುದರಿಂದ ಹೊಟ್ಟಿನಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದಷ್ಟು ಕಾಳಿನೊಳಗೇ ಇಳಿಯುತ್ತವೆ. ಗಂಜಿಯ ಜೊತೆಗೆ ಬೂತಾಯಿಯೋ ಬಂಗುಡೆಯೋ, ಬಸಳೆ, ಹರಿವೆ, ಹುರುಳಿ ಸಾರು. ಕೆಸುವಿನೆಲೆಯ ಪತ್ರೊಡೆ ಮಳೆಗಾಲಕ್ಕೆ. ಈಗಲೂ ಅನ್ನವೇ, ಅಕ್ಕಿ ಬಿಳಿಯಾಗಿದೆ, ಮೀನು ದುಬಾರಿಯಾಗಿದೆ, ಬಸಳೆ ಚಪ್ಪರ ಹಾಕಿದ್ದ ಹಿತ್ತಿಲಿನಲ್ಲಿ ಕಾರು ನಿಂತಿದೆ.

ಮೂರೂ ಸೀಮೆಗಳಲ್ಲಿ ನಡೆದದ್ದು ಒಂದೇ. ತಟ್ಟೆಯ ನಡುವೆ ಇದ್ದದ್ದು ಉಳಿಯಿತು, ಬೆಳೆಯಿತು, ಅಂಚಿನಲ್ಲಿದ್ದದ್ದು ಬಿದ್ದುಹೋಯಿತು. 2025ರಲ್ಲಿ ಪ್ರಕಟವಾದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಇದನ್ನು ಅಂಕಿಯಲ್ಲಿ ಹೇಳಿತು. ಭಾರತೀಯನ ದಿನದ ಶಕ್ತಿಯಲ್ಲಿ ಶೇ 62ರಷ್ಟು ಪಿಷ್ಟ, ಸಕ್ಕರೆಗಳಿಂದ ಬರುತ್ತದೆ. ಪ್ರೋಟೀನಿನಿಂದ ಬರುವುದು ಶೇ 12 ಮಾತ್ರ. ಅದರಲ್ಲೇ ಇನ್ನೊಂದು ಮಾತಿತ್ತು, ರಾಗಿ ಬಿಸ್ಕತ್ತಿನವರಿಗೆ ಅದು ರುಚಿಸಲಾರದು. ಬಿಳಿ ಅಕ್ಕಿ, ಮೈದಾ ತೆಗೆದು ಅಷ್ಟೇ ಪ್ರಮಾಣದಲ್ಲಿ ಇಡೀ ಗೋಧಿಯನ್ನೋ ಸಿರಿಧಾನ್ಯದ ಹಿಟ್ಟನ್ನೋ ಇಟ್ಟರೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯುವಂತೆ ಕಾಣಲಿಲ್ಲ. ಧಾನ್ಯದ ಪಾಲನ್ನೇ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ಬೇಳೆ, ಕಾಳು, ಹಾಲು, ಮೊಸರು ಬಂದಾಗ ಅಪಾಯ ಕಡಿಮೆ ಕಂಡಿತು. ಬಸ್ಸಾರು ಮಾಡುತ್ತಿದ್ದ ಅಜ್ಜಿಗೆ ಈ ಅಧ್ಯಯನ ಓದಿ ಹೇಳಿದ್ದರೆ ಆಕೆ 'ಅದಕ್ಕೇನೀಗ?' ಎನ್ನುತ್ತಿದ್ದಳೇನೋ.

ತಟ್ಟೆಯಷ್ಟೇ ಬದಲಾದದ್ದಲ್ಲ, ಪಂಚಾಂಗವೂ ಬದಲಾಯಿತು. ಹೋಳಿಗೆ ಯುಗಾದಿಗೆ, ಚಕ್ಕುಲಿ ಕೋಡುಬಳೆ ಗೋಕುಲಾಷ್ಟಮಿಗೆ, ಕಜ್ಜಾಯ ದೀಪಾವಳಿಗೆ ಎಂದಿದ್ದಾಗ ಎಣ್ಣೆ ಬಾಣಲೆ ಒಲೆಯೇರುತ್ತಿದ್ದುದು ವರ್ಷಕ್ಕೆ ಬೆರಳೆಣಿಕೆಯ ದಿನ. ಬಡವರ ಮನೆಯಲ್ಲಿ ಅಷ್ಟೂ ಇರಲಿಲ್ಲ. ಈಗ 'ಹೋಳಿಗೆ ಮನೆ'ಗೆ ರಜೆಯೇ ಇಲ್ಲ, ಕುರುಕಲು ತಿಂಡಿಯ ಅಂಗಡಿ ಬೀದಿಗೊಂದು, ದಾವಣಗೆರೆಯ ಬೆಣ್ಣೆ ದೋಸೆ ಎಲ್ಲ ಊರಿಗೂ ಬಂದಿದೆ. ಉಪವಾಸದ ದಿನದ ಕಥೆ ಕೇಳುವುದೇ ಬೇಡ. ಏಕಾದಶಿಯ ದಿನ ಅನ್ನವೊಂದನ್ನು ಬಿಟ್ಟು ಸಾಬೂದಾನಿ ಕಿಚಡಿ, ಅವಲಕ್ಕಿ, ಉಪ್ಪಿಟ್ಟು, ಹಣ್ಣು, ಹಾಲು ಎಂದು ಉಳಿದ ದಿನಕ್ಕಿಂತ ಹೆಚ್ಚೇ ತಿನ್ನುವವರನ್ನು ದೇವರು ಕ್ಷಮಿಸಿದರೂ ಸೊಂಟ ಕ್ಷಮಿಸುವುದಿಲ್ಲ.

ಹೀಗೆಂದು ಹಳೆಯದನ್ನೆಲ್ಲ ಬಂಗಾರವೆನ್ನುವುದೂ ಬೇಡ. ಬೀಸುವ ಕಲ್ಲು, ಒರಳು ಹೋದವೆಂದು ಮರುಗುವವರು ಅವನ್ನು ತಿರುಗಿಸಿದವರ ತೋಳುಗಳನ್ನು ಒಮ್ಮೆ ಕೇಳಬೇಕು. ನಸುಕಿಗೆ ಎದ್ದು ಹಿಟ್ಟು ಬೀಸಿ, ನೀರು ಸೇದಿ, ಎಲ್ಲರೂ ಉಂಡ ಮೇಲೆ ತಳದ ಸಾರಿನಲ್ಲಿ ಉಂಡವಳಿಗೆ ಬೊಜ್ಜು ಇರಲಿಲ್ಲ, ರಕ್ತವೂ ಇರಲಿಲ್ಲ. ಅವಳ ಮಗು ಚಿಕ್ಕದಾಗಿ ಹುಟ್ಟುತ್ತಿತ್ತು. ಪುಣೆಯ, ಮೈಸೂರಿನ ಆ ಪುಟ್ಟ ಶಿಶುಗಳ ಕಥೆ ಆರಂಭವಾಗುವುದು ಇಂಥ ತಾಯಂದಿರ ತಟ್ಟೆಯಿಂದಲೇ. ಬಸಿರಿನಲ್ಲಿ ಕೊರತೆ ಕಂಡು ಹುಟ್ಟಿದ ದೇಹಕ್ಕೆ ಆಮೇಲೆ ಸಮೃದ್ಧಿ ಸಿಕ್ಕಾಗ ಹೊಟ್ಟೆಯೊಳಗಿನ ಕೊಬ್ಬು ಬೇಗ ಬರುತ್ತದೆ.

ಒಂದು ಸೀಮೆಯ ಊಟ ಒಂದೆರಡು ತಲೆಮಾರಿನಲ್ಲೇ ಹೀಗೆ ಬದಲಾದರೆ ಏನಾಗುತ್ತದೆಂಬುದಕ್ಕೆ ಹೊರಗಿನ ಒಂದು ನಿದರ್ಶನವನ್ನೂ ನೋಡಬಹುದು. ಜಪಾನಿನ ದಕ್ಷಿಣ ತುದಿಯ ಒಕಿನಾವಾ ದ್ವೀಪಗಳು ದೀರ್ಘಾಯುಷಿಗಳ ನಾಡೆಂದು ಹೆಸರಾಗಿದ್ದವು. ಬಡ ದ್ವೀಪ, ಅಲ್ಲಿನವರ ಮುಖ್ಯ ಆಹಾರ ಅನ್ನವಲ್ಲ, ಗೆಣಸು. ಜೊತೆಗೆ ಸೊಪ್ಪು, ತರಕಾರಿ, ಸೋಯಾ, ಹೊಟ್ಟೆಯ ಹತ್ತು ಪಾಲಿನಲ್ಲಿ ಎಂಟು ಪಾಲು ತುಂಬಿದಾಗ ಏಳಬೇಕೆಂಬ ರೂಢಿ. ಎರಡನೆಯ ಮಹಾಯುದ್ಧದ ನಂತರ 1972ರವರೆಗೆ ದ್ವೀಪ ಅಮೆರಿಕದ ಆಡಳಿತದಲ್ಲಿತ್ತು. ಸೇನಾನೆಲೆಗಳ ಜೊತೆ ಡಬ್ಬಿಯ ಮಾಂಸ, ಹ್ಯಾಂಬರ್ಗರ್, ಕರಿದ ತಿಂಡಿ ಬಂದವು, ಆಮೇಲೆ ಕಾರೂ ಬಂತು. 2000ದ ಲೆಕ್ಕ ತೆಗೆದಾಗ ಒಕಿನಾವಾದ ಗಂಡಸರು ಆಯುಷ್ಯದಲ್ಲಿ ಜಪಾನಿನ 47 ಪ್ರಾಂತಗಳ ಪೈಕಿ 26ನೆಯ ಸ್ಥಾನಕ್ಕೆ ಇಳಿದಿದ್ದರು. ಇಡೀ ದೇಶಕ್ಕೇ ಆಘಾತವಾಯಿತು. ಗೆಣಸು ತಿಂದು ಬೆಳೆದ ಅಜ್ಜಂದಿರು ಇನ್ನೂ ಗಟ್ಟಿಯಾಗಿದ್ದರು. ಹೊಟ್ಟೆ ಬಂದದ್ದು ಮಕ್ಕಳಿಗೆ, ಮೊಮ್ಮಕ್ಕಳಿಗೆ. ದ್ವೀಪ ಅದೇ, ರಕ್ತ ಅದೇ.

ಇಲ್ಲಿನ ಮೊಮ್ಮಕ್ಕಳ ದಿನಚರಿ ಹೇಗಿದೆ? ಬೆಳಿಗ್ಗೆ ಏಳೂವರೆಗೆ ಶಾಲೆಯ ಬಸ್ಸು. ತಿಂಡಿ ಅರ್ಧ ತಿಂದಂತೆ, ಅರ್ಧ ಬಿಟ್ಟಂತೆ. ಮಧ್ಯಾಹ್ನದ ಡಬ್ಬಿಯಲ್ಲಿ ಚಿತ್ರಾನ್ನವೋ ಪುಳಿಯೋಗರೆಯೋ ನೂಡಲ್ಸೋ, ಏಕೆಂದರೆ ಪಲ್ಯ ಹಾಕಿದರೆ ಹಾಗೇ ವಾಪಸು ಬರುತ್ತದೆ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಐದಕ್ಕೆ ಟ್ಯೂಷನ್. ನಡುವಿನ ಅರ್ಧ ಗಂಟೆಯ ಹಸಿವು ಬೇಕರಿಯ ಮುಂದೆ ಕೈ ಚಾಚುತ್ತದೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಊರೂರಿಗೆ ಕೊಟ್ಟ ಖಾರಾ ಬನ್ನು, ದಿಲ್‌ಪಸಂದುಗಳ ರುಚಿಯನ್ನು ದೂರುವುದು ಕಷ್ಟವೇ. ಆದರೆ ಮೈದಾ, ಸಕ್ಕರೆ, ಕೊಬ್ಬು ಮೂರೇ ಸೇರಿದ ತಿಂಡಿ ವಾರಕ್ಕೆ ಆರು ದಿನ ಆದಾಗ ಅದು ತಿಂಡಿಯಾಗಿ ಉಳಿಯುವುದಿಲ್ಲ. ಜೊತೆಗೊಂದು ತಂಪು ಪಾನೀಯ. 250 ಮಿಲಿಲೀಟರಿನ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ, ಐದು ಚಮಚಕ್ಕೂ ಹೆಚ್ಚು. ದಿನಕ್ಕೆ ಹೊರಗಿನಿಂದ ಸೇರುವ ಸಕ್ಕರೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿದ ಲೆಕ್ಕ ಒಂದೇ ಬಾಟಲಿಗೆ ಮುಗಿಯಿತು. ಬೆಳಗಿನ ಹಾಲಿಗೆ ಹಾಕುವ ಪುಡಿಯಲ್ಲೂ ಸಕ್ಕರೆ ಎಷ್ಟಿದೆ ಎಂದು ಡಬ್ಬಿ ತಿರುಗಿಸಿ ಓದುವ ಅಭ್ಯಾಸ ಮಕ್ಕಳಿಗೇ ಬರಲಿ. ಅವರ ಕಣ್ಣು ಚುರುಕಾಗಿರುತ್ತದೆ, ಅಕ್ಷರವೂ ಸಣ್ಣದಿರುತ್ತದೆ.

5ರಿಂದ 17 ವರ್ಷದವರಿಗೆ ದಿನಕ್ಕೆ 60 ನಿಮಿಷ ಮೈ ಬೆವರುವ ಆಟ ಬೇಕೆನ್ನುತ್ತಾರೆ. ಹತ್ತನೆಯ ತರಗತಿಯಲ್ಲಿ ಪೀಟಿ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ಶಾಲೆಗಳು ಎಷ್ಟಿವೆ ಎಂಬುದು ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಪಾಲಕರು ಶಾಲೆಯನ್ನು ಕೇಳಬಹುದಾದ ಇನ್ನೊಂದು ಸಂಗತಿಯಿದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಗೇಟಿನಿಂದ 50 ಮೀಟರ್ ಸುತ್ತಳತೆಯಲ್ಲಾಗಲಿ ಮಕ್ಕಳಿಗೆ ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ನಿಯಮ ಇದೆ, ಗೇಟಿನೆದುರಿನ ಅಂಗಡಿಗಳೂ ಇವೆ.

ಮನೆಯಲ್ಲಿ ಏನು ಮಾಡಬಹುದು? ಹೊಸ ದೇಶದ ಅಡುಗೆ ಕಲಿಯಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ತಟ್ಟೆಗೆ ಇಷ್ಟು ಹೇಳಿದೆ: ಧಾನ್ಯ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು (ಅಥವಾ ಮೊಟ್ಟೆ, ಮಾಂಸ) 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್, ಎಣ್ಣೆ 27 ಗ್ರಾಂ. ತರಕಾರಿ ಧಾನ್ಯಕ್ಕಿಂತ ಹೆಚ್ಚು ಎಂಬುದನ್ನು ಗಮನಿಸಿ. ನಾಲ್ಕು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋಗೂ ಹೆಚ್ಚು ತರಕಾರಿ ಎಂದಾಯಿತು. ಸಂತೆಯ ದರದಲ್ಲಿ ಇದು ಹಗುರವಲ್ಲ. ಆದರೆ ತಿಂಗಳ ಬಿಸ್ಕತ್ತು, ಚಿಪ್ಸು, ತಂಪು ಪಾನೀಯಗಳ ಲೆಕ್ಕವನ್ನು ಒಂದು ಸಲ ಪಕ್ಕದಲ್ಲಿ ಬರೆದು ನೋಡಬಹುದು. ಸಂಜೆಯ ಅರ್ಧ ಗಂಟೆಯ ಹಸಿವಿಗೆ ಹುರುಳಿ ಗುಗ್ಗರಿ, ಬೇಯಿಸಿದ ಕಡಲೆಕಾಯಿ, ಈರುಳ್ಳಿ ಸೌತೆಕಾಯಿ ಹೆಚ್ಚಿ ಹಾಕಿದ ಮಂಡಕ್ಕಿ, ಒಂದು ಸೀಬೆಹಣ್ಣು ಸಾಕು. ಎರಡನೆಯ ಸಲ ಬಡಿಸುವಾಗ ಅನ್ನದ ಸೌಟಿನ ಬದಲು ಪಲ್ಯದ ಸೌಟು ಮುಂದೆ ಬಂದರೆ ಅರ್ಧ ಕೆಲಸ ಆದಂತೆ.

ಬಡಿಸುವವಳ ತಟ್ಟೆಯನ್ನೂ ನೋಡಬೇಕು. ಮೊದಲೇ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೊಟ್ಟೆಯ ಬೊಜ್ಜು ಕಂಡದ್ದು ಶೇ 40ರಷ್ಟು ಹೆಂಗಸರಲ್ಲಿ, ಗಂಡಸರಲ್ಲಿ ಶೇ 12. ಗಂಡಸರಿಗೆ ಅಲ್ಲಿ 94 ಸೆಂ.ಮೀ.ನ ಉದಾರ ಗಡಿ ಇಟ್ಟಿದ್ದರೆಂಬುದು ನಿಜ, ಆದರೂ ಅಂತರ ದೊಡ್ಡದೇ. ಉಳಿದದ್ದು ವ್ಯರ್ಥವಾಗಬಾರದೆಂದು ಮಕ್ಕಳ ತಟ್ಟೆಯ ಚಿತ್ರಾನ್ನ, ಪಾತ್ರೆಯ ತಳದ ಅನ್ನ ಸೇರುವುದು ಅಮ್ಮನ ಹೊಟ್ಟೆಗೆ. ಪಲ್ಯ ಅಷ್ಟರಲ್ಲಿ ಖಾಲಿಯಾಗಿರುತ್ತದೆ. ಬೆಳಗಿನ ವಾಕಿಂಗಿಗೆ ಅಪ್ಪ ಹೋಗುವ ಹೊತ್ತು ಅವಳಿಗೆ ಒಲೆಯ ಮುಂದೆ ನಿಲ್ಲುವ ಹೊತ್ತು. ಮನೆಯ ಎಲ್ಲರೂ ಒಟ್ಟಿಗೆ ಕೂತು ಉಂಡರೆ ಪಲ್ಯ ಅವಳಿಗೂ ಸಿಗುತ್ತದೆ.

ಮಕ್ಕಳ ಹೊಟ್ಟೆಯ ಬಗ್ಗೆ ಅಡ್ಡಹೆಸರಿಟ್ಟು ಕರೆಯುವುದು, ನೆಂಟರ ಮುಂದೆ ಹಾಸ್ಯ ಮಾಡುವುದು, ಹೆಣ್ಣುಮಗಳಿಗೆ ರಾತ್ರಿಯ ಊಟ ತಪ್ಪಿಸುವುದು ಇವು ಯಾವುವೂ ಚಿಕಿತ್ಸೆಯಲ್ಲ. ಬೆಳೆಯುವ ವಯಸ್ಸಿನವರು ಉಪವಾಸ ಬೀಳಬಾರದು. ಎತ್ತರ ಏರುವ ಅವಧಿಯಲ್ಲಿ ಸೊಂಟ ಏರದಿದ್ದರೆ ಸಾಕು. ಅಳೆಯಲು 90, 80ರ ಗಡಿ ಮಕ್ಕಳಿಗೆ ಹೊಂದುವುದಿಲ್ಲ. ಅವರಿಗೆ ಸುಲಭವಾದ ಒಂದು ಉಪಾಯವಿದೆ. ತಲೆಯಿಂದ ಪಾದದವರೆಗಿನ ಎತ್ತರದಷ್ಟು ದಾರ ಕತ್ತರಿಸಿ, ಅದನ್ನು ಎರಡಾಗಿ ಮಡಿಸಿ ಸೊಂಟಕ್ಕೆ ಸುತ್ತುವುದು. ತುದಿಗಳು ಸೇರಿದರೆ ಸರಿ, ಸೇರದಿದ್ದರೆ ಎಚ್ಚರಿಕೆ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬ ಈ ಅಳತೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಐದು ವರ್ಷ ದಾಟಿದ ಮಕ್ಕಳಿಗೂ ಒಪ್ಪಿಕೊಂಡಿದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟು ಅಳೆಯಬೇಕು. ಪ್ಯಾಂಟಿನ ಅಳತೆಯನ್ನು ನಂಬಬೇಡಿ. ಹೊಟ್ಟೆ ಬಂದವರ ಪ್ಯಾಂಟು ಹೊಟ್ಟೆಯ ಕೆಳಗೆ ಇಳಿದಿರುತ್ತದೆ, ಅಳತೆ ಹತ್ತು ವರ್ಷವಾದರೂ ಬದಲಾಗುವುದಿಲ್ಲ!

ಇನ್ನೊಂದು ಗುರುತನ್ನು ಬಹಳ ಮನೆಗಳಲ್ಲಿ ತಪ್ಪಾಗಿ ತಿಳಿಯುತ್ತಾರೆ. ಕೆಲವು ಮಕ್ಕಳ ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ದಪ್ಪಗೆ, ಮುಟ್ಟಿದರೆ ಮಕಮಲ್ಲಿನಂತಾಗಿರುತ್ತದೆ. ಸರಿಯಾಗಿ ಸ್ನಾನ ಮಾಡುವುದಿಲ್ಲವೆಂದು ಬೈದು, ಕಡಲೆಹಿಟ್ಟು, ನಿಂಬೆಹಣ್ಣು, ತೆಂಗಿನ ನಾರು ಎಲ್ಲ ಹಚ್ಚಿ ಉಜ್ಜುತ್ತಾರೆ. ಹುಡುಗಿಯಾದರೆ ಬಿಳಿಯಾಗುವ ಕ್ರೀಮೂ ಬರುತ್ತದೆ. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಬಹಳ ದಿನದಿಂದ ಏರಿಯೇ ಇರುವಾಗ ಚರ್ಮ ಹೀಗಾಗುವುದುಂಟು. ದಾರದ ತುದಿಗಳು ಸೇರದೆ, ಕತ್ತಿನಲ್ಲೂ ಈ ಕಪ್ಪು ಕಂಡರೆ ಉಜ್ಜುವುದನ್ನು ಬಿಟ್ಟು ಮಗುವನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ರಕ್ತದ ಸಕ್ಕರೆಯ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ.